ಹಲ್ಲು ಕೀಳಿಸುವ ಮುಂಚೆ ಊರಿಗೆ ಬರಬೇಕಾದವರು

ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹಳ್ಳಿಯಿಂದ ಬರುವವರ ಬಾಯಲ್ಲಿ ಜಾಸ್ತಿ ಕೇಳುವ ಮಾತು ಒಂದೇ: ‘ಇದೊಂದು ಕಿತ್ತು ಹಾಕಿಬಿಡಿ ಸಾರ್, ಸಾಕಾಗಿದೆ.’ ಆ ಹಲ್ಲು ನೋಯಲು ಶುರುವಾಗಿ ಎಷ್ಟೋ ತಿಂಗಳಾಗಿರುತ್ತದೆ. ಮೊದಲು ಲವಂಗ ಇಟ್ಟುಕೊಂಡಿದ್ದಾಯ್ತು. ಆಮೇಲೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ. ಕೆನ್ನೆ ಊದಿ, ರಾತ್ರಿ ನಿದ್ದೆ ಕೆಟ್ಟ ಮೇಲೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದಿದ್ದಾರೆ. ಆ ಹೊತ್ತಿಗೆ ಡಾಕ್ಟರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ. ಹಲ್ಲು ಉಳಿಸಬೇಕೆಂದರೆ ಬೇರಿನ ಚಿಕಿತ್ಸೆ ಮಾಡಬೇಕು, ಅದಕ್ಕೆ ಎರಡು ಮೂರು ಸಲ ಬರಬೇಕು, ಮೇಲೊಂದು ಕ್ಯಾಪ್ ಹಾಕಿಸಬೇಕು. ಅಷ್ಟು ದಿನದ ಕೂಲಿ ಯಾರು ಕೊಡುತ್ತಾರೆ? ಕೀಳಿಸಿಕೊಂಡು ಹೋಗುತ್ತಾರೆ.

ಇದರಲ್ಲಿ ಡಾಕ್ಟರದ್ದೂ ತಪ್ಪಿಲ್ಲ, ಬಂದವರದ್ದೂ ತಪ್ಪಿಲ್ಲ. ಇಬ್ಬರೂ ಎದುರುಬದುರಾಗಿದ್ದೇ ತಡವಾಗಿ. ಹುಳುಕು ರಾತ್ರೋರಾತ್ರಿ ಬರುವ ಕಾಯಿಲೆ ಅಲ್ಲ. ಹಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಅದರಲ್ಲಿರುವ ಬ್ಯಾಕ್ಟೀರಿಯಾ ನಾವು ತಿನ್ನುವ ಸಕ್ಕರೆಯಿಂದ ಆಮ್ಲ ಮಾಡುತ್ತವೆ, ಆಮ್ಲ ಹಲ್ಲಿನ ಹೊರಪದರವನ್ನು ನಿಧಾನಕ್ಕೆ ಕರಗಿಸುತ್ತದೆ. ಮೊದಲು ಕಾಣುವುದು ಸುಣ್ಣದಂಥ ಬಿಳಿ ಮಚ್ಚೆ. ಆ ಹಂತದಲ್ಲಿ ತಡೆದರೆ ಹಲ್ಲು ತಾನಾಗಿಯೇ ಗಟ್ಟಿಯಾಗುತ್ತದೆ. ಡ್ರಿಲ್ ಬೇಡ, ಇಂಜೆಕ್ಷನ್ ಬೇಡ. ಆದರೆ ಬಿಳಿ ಮಚ್ಚೆ ನೋಯುವುದಿಲ್ಲ, ನೋಯದ ಹಲ್ಲಿಗೆ ಬಸ್ಸು ಹತ್ತುವವರು ಯಾರೂ ಇಲ್ಲ. ಹಾಗಾದರೆ ಆ ಮಚ್ಚೆ ನೋಡಬಲ್ಲವರೇ ಊರಿಗೆ ಬರಬೇಕು, ಅಲ್ವಾ?

ಈ ಕೆಲಸಕ್ಕೆಂದೇ ಒಂದು ವೃತ್ತಿ ಇದೆ. ಡೆಂಟಲ್ ಹೈಜೀನಿಸ್ಟ್. ನಮ್ಮ ದೇಶದ ಕಾನೂನಿನಲ್ಲಿ 1948ರಿಂದಲೂ ಇದ್ದಾರೆ. ಆ ವರ್ಷದ ದಂತವೈದ್ಯರ ಕಾಯ್ದೆ ಇವರನ್ನು ಬೇರೆಯಾಗಿಯೇ ಗುರುತಿಸಿತ್ತು: ದಂತವೈದ್ಯರಲ್ಲದ, ಹಲ್ಲಿನ ಕಿಟ್ಟ ತೆಗೆಯುವ, ಶುಚಿ ಮಾಡುವ, ಪಾಲಿಶ್ ಮಾಡುವ, ಹಲ್ಲು ನೋಡಿಕೊಳ್ಳುವುದನ್ನು ಹೇಳಿಕೊಡುವ ವ್ಯಕ್ತಿ. ಎರಡು ವರ್ಷದ ಡಿಪ್ಲೊಮಾ, ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ. ಇಷ್ಟೆಲ್ಲ ಇದ್ದರೂ ನಿಮ್ಮ ಊರಿನಲ್ಲಿ ಒಬ್ಬ ಹೈಜೀನಿಸ್ಟ್ ಹೆಸರು ಹೇಳಿ ಅಂದರೆ ಹೇಳುವವರು ಸಿಗುವುದು ಕಷ್ಟ. ಓದಿದವರಲ್ಲಿ ಹೆಚ್ಚಿನವರು ನಗರದ ಖಾಸಗಿ ಕ್ಲಿನಿಕ್ಕುಗಳಲ್ಲಿ, ಕಾಲೇಜು ಆಸ್ಪತ್ರೆಗಳಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿಗೆ ಬರುವವರು ಮೊದಲೇ ದಿನಕ್ಕೆರಡು ಸಲ ಹಲ್ಲುಜ್ಜುವ ಜನ.

ಈ ವೃತ್ತಿ ಹುಟ್ಟಿದ್ದು ಕ್ಲಿನಿಕ್ಕಿಗಾಗಿ ಅಲ್ಲ ಅನ್ನುವುದನ್ನು ನೆನಪಿಸಬೇಕು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಬ್ರಿಡ್ಜ್‌ಪೋರ್ಟ್ ಅನ್ನುವ ಕಾರ್ಖಾನೆಗಳ ಊರಿದೆ. ಅಲ್ಲಿನ ದಂತವೈದ್ಯ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಶುಚಿ ಮಾಡುವುದನ್ನು ಕಲಿಸಿದರು. 1913ರಲ್ಲಿ ಇದಕ್ಕೊಂದು ಶಾಲೆಯನ್ನೇ ತೆರೆದರು. ಅಲ್ಲಿ ಕಲಿತ ಹೆಣ್ಣುಮಕ್ಕಳು ಮರುವರ್ಷವೇ ಹೋಗಿದ್ದು ಊರಿನ ಸರ್ಕಾರಿ ಶಾಲೆಗಳಿಗೆ, ವಲಸೆ ಬಂದ ಕೂಲಿಕಾರರ ಮಕ್ಕಳ ಬಾಯಿ ನೋಡಲು. ನ್ಯೂಜಿಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೊದಲ ಮಹಾಯುದ್ಧಕ್ಕೆ ಸೇರಲು ಬಂದ ಯುವಕರ ಹಲ್ಲುಗಳ ಗತಿ ಕಂಡು ಗಾಬರಿಯಾದ ದೇಶ ಅದು. 1921ರಲ್ಲಿ ಶಾಲಾ ಡೆಂಟಲ್ ನರ್ಸುಗಳ ತರಬೇತಿ ಶುರು ಮಾಡಿತು. ಅವರು ಶಾಲೆಯ ಆವರಣದಲ್ಲೇ ಕೂತು ಮಕ್ಕಳ ಹಲ್ಲು ತುಂಬುವುದನ್ನೂ ಮಾಡುತ್ತಿದ್ದರು. ಹುಟ್ಟಿನಿಂದಲೇ ಇದು ಬಡವರ ಮಕ್ಕಳ ಮಧ್ಯೆ, ಶಾಲೆಯಲ್ಲಿ ಮಾಡುವ ಕೆಲಸ. ನಾವು ಕಾನೂನಿನಲ್ಲಿ ವೃತ್ತಿಯನ್ನು ತಂದುಕೊಂಡೆವು, ಅದರ ಜಾಗವನ್ನು ತರಲಿಲ್ಲ.

ಹೈಜೀನಿಸ್ಟ್ ಒಬ್ಬರು ಸರ್ಕಾರಿ ಶಾಲೆಗೆ ಬಂದರೆ ಏನು ಮಾಡುತ್ತಾರೆ? ‘ಹಲ್ಲುಜ್ಜಿ ಮಕ್ಕಳೇ’ ಅಂತ ಭಾಷಣ ಮಾಡಿ ಹೋಗುವುದಾದರೆ ಅವರು ಬೇಕಾಗಿಲ್ಲ, ಅದನ್ನು ಮೇಷ್ಟ್ರೇ ಹೇಳುತ್ತಾರೆ. ಒಂದು ಪುಟ್ಟ ಬಾಟಲಿಯಲ್ಲಿ ಕೆಂಪು ಬಣ್ಣದ ದ್ರವ ತರುತ್ತಾರೆ. ಎರಡು ಹನಿ ಬಾಯಿಗೆ ಬಿಟ್ಟು, ನಾಲಿಗೆಯಿಂದ ಹಲ್ಲಿಗೆಲ್ಲ ಸವರಿ, ಉಗಿದು ಬಾಯಿ ಮುಕ್ಕಳಿಸಲು ಹೇಳುತ್ತಾರೆ. ಪಾಚಿ ಇರುವಲ್ಲೆಲ್ಲ ಬಣ್ಣ ಹಿಡಿದು ನಿಲ್ಲುತ್ತದೆ. ಬೆಳಿಗ್ಗೆ ಉಜ್ಜಿಕೊಂಡೇ ಬಂದ ಮಗುವಿನ ಬಾಯಲ್ಲೂ ವಸಡಿನ ಅಂಚು, ದವಡೆ ಹಲ್ಲಿನ ಹಿಂಬದಿ, ಕೆಳಗಿನ ಮುಂದಿನ ಹಲ್ಲುಗಳ ಒಳಬದಿ ಕೆಂಪಾಗಿರುತ್ತವೆ. ಕನ್ನಡಿ ಕೈಗೆ ಕೊಟ್ಟು, ಆ ಕೆಂಪು ಹೋಗುವವರೆಗೆ ಉಜ್ಜಲು ಹೇಳಬೇಕು. ಬ್ರಷ್ಷನ್ನು ವಸಡಿನ ಕಡೆಗೆ ಸ್ವಲ್ಪ ಓರೆ ಹಿಡಿದು ಸಣ್ಣಗೆ ಆಡಿಸಿದರೆ ಹೋಗುತ್ತದೆ, ಅಡ್ಡಡ್ಡ ಜೋರಾಗಿ ತಿಕ್ಕಿದರೆ ಹೋಗುವುದಿಲ್ಲ. ಮಗು ಅದನ್ನು ತನ್ನ ಕಣ್ಣಾರೆ ಕಾಣುತ್ತದೆ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ್ದು ಆ ಹತ್ತು ನಿಮಿಷದಲ್ಲಿ ಹೋಗುತ್ತದೆ.

ಆಮೇಲೆ ಕೈಕೆಲಸ. ಆರನೇ ವರ್ಷಕ್ಕೆ ಹಾಲು ಹಲ್ಲುಗಳ ಹಿಂದೆ, ಮೇಲೆ ಕೆಳಗೆ ಎರಡೂ ಬದಿಯಲ್ಲಿ, ಒಂದೊಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದು ಬಂದದ್ದೇ ಎಷ್ಟೋ ಮನೆಗಳಲ್ಲಿ ಗೊತ್ತಾಗುವುದಿಲ್ಲ. ಗೊತ್ತಾದರೂ ‘ಹಾಲು ಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಿ’ ಅನ್ನುತ್ತಾರೆ. ಅದು ಬೀಳುವ ಹಲ್ಲಲ್ಲ, ಕೊನೆಯವರೆಗೂ ಅಗಿಯಬೇಕಾದ ಹಲ್ಲು. ಅದರ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುತ್ತವೆ, ಬ್ರಷ್ಷಿನ ಎಳೆ ಅದರೊಳಗೆ ಇಳಿಯುವುದಿಲ್ಲ. ಐದು ರೂಪಾಯಿಯ ಕ್ರೀಮ್ ಬಿಸ್ಕತ್ತಿನ ಚೂರು ಅಲ್ಲೇ ಕೂರುತ್ತದೆ. ಆ ಗೀರುಗಳನ್ನು ಸೀಲೆಂಟ್ ಅನ್ನುವ ವಸ್ತುವಿನಿಂದ ಮುಚ್ಚಬಹುದು. ಫ್ಲೋರೈಡ್ ವಾರ್ನಿಶ್ ಇನ್ನೂ ಸುಲಭ. ಹಲ್ಲು ಒರೆಸಿ, ಪುಟ್ಟ ಬ್ರಷ್ಷಿನಲ್ಲಿ ಬಳಿದರೆ ಮುಗಿಯಿತು. ಆರು ತಿಂಗಳಿಗೊಮ್ಮೆ ಮತ್ತೆ ಬಳಿಯಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2013ರ ಕಾಕ್ರೇನ್ ಪರಿಶೀಲನೆ ವಾರ್ನಿಶ್‌ನಿಂದ ಶಾಶ್ವತ ಹಲ್ಲುಗಳ ಹುಳುಕು ಸುಮಾರು ಶೇ 43ರಷ್ಟು, ಹಾಲು ಹಲ್ಲುಗಳಲ್ಲಿ ಶೇ 37ರಷ್ಟು ಕಡಿಮೆಯಾಗುತ್ತದೆ ಎಂದು ಹೇಳಿದೆ. ಕುರ್ಚಿ, ಕರೆಂಟು, ಕೊರೆಯುವ ಯಂತ್ರ ಯಾವುದೂ ಬೇಡದ ಕೆಲಸಕ್ಕೆ ಇದು ಸಣ್ಣ ಫಲ ಅಲ್ಲ.

ಈಗಾಗಲೇ ತೂತಾದ ಹಲ್ಲಿಗೂ ದಾರಿ ಇದೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವದ ಒಂದು ಹನಿ ಹುಳುಕಿಗೆ ಮುಟ್ಟಿಸಿದರೆ ಬಹಳಷ್ಟು ಸಲ ಅದು ಅಲ್ಲಿಗೇ ನಿಲ್ಲುತ್ತದೆ. ಆದರೆ ಆ ಜಾಗ ಕರ್ರಗಾಗುತ್ತದೆ, ಮತ್ತೆ ಬೆಳ್ಳಗಾಗುವುದಿಲ್ಲ. ಇದನ್ನು ಹಚ್ಚುವ ಮೊದಲೇ ತಾಯಿಗೆ ಬಿಡಿಸಿ ಹೇಳಬೇಕು, ಸಾಧ್ಯವಾದರೆ ಫೋಟೊ ತೋರಿಸಬೇಕು. ಹೇಳದೆ ಹಚ್ಚಿದರೆ ಮಾರನೇ ದಿನ ಊರೆಲ್ಲ ‘ಔಷಧಿ ಹಾಕಿ ಮಗು ಹಲ್ಲು ಸುಟ್ಟರು’ ಅನ್ನುತ್ತದೆ, ಆಮೇಲೆ ಆ ಊರಿನಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ದ್ರವವನ್ನೂ ಫ್ಲೋರೈಡ್ ಟೂತ್‌ಪೇಸ್ಟನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಮುಂದಿನ ವರ್ಷದ ಅದರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಒಂದಲ್ಲ ಒಂದು ಕಾಯಿಲೆ ಇದೆ. ಅಷ್ಟು ಬಾಯಿಗಳನ್ನು ದಂತವೈದ್ಯರ ಕುರ್ಚಿಗೇ ಕರೆತಂದು ಮುಗಿಸುತ್ತೇವೆ ಅನ್ನುವುದು ಯಾವ ದೇಶಕ್ಕೂ ಆಗದ ಮಾತು.

ಮಕ್ಕಳ ವಿಷಯ ಒಂದು ಕಡೆ. ನಮ್ಮ ರಾಜ್ಯದಲ್ಲಿ ಹೈಜೀನಿಸ್ಟ್ ಬೇಕೇ ಬೇಕು ಅನ್ನಲು ಇನ್ನೂ ದೊಡ್ಡ ಕಾರಣ ದೊಡ್ಡವರ ಬಾಯಲ್ಲಿದೆ. ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ. 2016-17ರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 16ಕ್ಕೂ ಹೆಚ್ಚು ಜನ ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದರು. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಯಲ್ಲಿ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ನೇತಾಡತೊಡಗಿತು, ಬಾಯಿಯಲ್ಲಿ ಎರಡೂ ಸೇರುತ್ತವೆ. ಬರೀ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿ ಇಪ್ಪತ್ತು ವರ್ಷ ದಾಟಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು, ಮಲೆನಾಡಿನ, ಕರಾವಳಿಯ ಲಕ್ಷಾಂತರ ಮನೆಗಳ ಅನ್ನ ಅದು. ಹಾಗಾಗಿ ಈ ಮಾತನ್ನು ಗಟ್ಟಿಯಾಗಿ ಹೇಳಲು ಎಲ್ಲರಿಗೂ ಮುಜುಗರ. ಬೆಳೆಗಾರರ ಬದುಕಿನ ಪ್ರಶ್ನೆಯನ್ನು ಸರ್ಕಾರ ಬೇರೆಯಾಗಿ ನೋಡಬೇಕು. ಜಗಿಯುವವರ ಬಾಯಿ ನೋಡುವುದನ್ನು ಅದಕ್ಕಾಗಿ ನಿಲ್ಲಿಸಲು ಆಗುವುದಿಲ್ಲ. ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿ ಕ್ಯಾನ್ಸರಿನ ಹೊಸ ಪ್ರಕರಣಗಳೇ 1.4 ಲಕ್ಷ ದಾಟಿದ್ದವು.

ಬಾಯಿ ಕ್ಯಾನ್ಸರ್ ಬಹಳಷ್ಟು ಸಲ ಮುನ್ಸೂಚನೆ ಕೊಟ್ಟೇ ಬರುತ್ತದೆ. ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ತೇಪೆ, ಕೆಂಪು ತೇಪೆ, ಎರಡು ವಾರವಾದರೂ ಮಾಯದ ಹುಣ್ಣು. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಗಿದುಕೊಳ್ಳುತ್ತಾ ಬರುತ್ತದೆ. ಖಾರದ ಸಾರು ತಿಂದರೆ ಬಾಯಿ ಉರಿಯುತ್ತದೆ, ಆಮೇಲಾಮೇಲೆ ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ಇದನ್ನು ಅಂದಾಜು ಮಾಡಲು ಯಂತ್ರ ಬೇಡ. ‘ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ನಿಲ್ಲಿಸಿ ಮುಂದಿನ ಹಲ್ಲುಗಳ ಮಧ್ಯೆ ಇಡಿ ಅಣ್ಣ’ ಅನ್ನಬೇಕು. ಮೂರು ಬೆರಳು ಹಿಡಿಸಿದರೆ ಸರಿ. ಎರಡಕ್ಕೇ ನಿಂತರೆ ಅವತ್ತೇ ಹೆಸರು ಬರೆದುಕೊಂಡು ಮುಂದಕ್ಕೆ ಕಳಿಸಬೇಕು. ಎಷ್ಟೋ ಜನಕ್ಕೆ ತಮ್ಮ ಬಾಯಿ ಇಷ್ಟು ಕಿರಿದಾಗಿದೆ ಅನ್ನುವುದು ಗೊತ್ತಾಗುವುದೇ ಆವಾಗ. ಆ ಕ್ಷಣದಲ್ಲಿ ‘ಬಿಡಲು ನೋಡೋಣ’ ಅನ್ನುವ ಮಾತಿಗೆ ಬರುವ ತೂಕ ಪೊಟ್ಟಣದ ಮೇಲಿನ ಚಿತ್ರಕ್ಕೆ ಇಲ್ಲ. ಬಿಡಿಸುವುದು ಒಂದೇ ಸಲಕ್ಕೆ ಆಗುವ ಕೆಲಸವೂ ಅಲ್ಲ. ಹದಿನೈದು ದಿನ ಬಿಟ್ಟು ಅದೇ ಮುಖ ಮತ್ತೆ ಬಂದು ‘ಎಷ್ಟಾಯ್ತು ಈಗ ದಿನಕ್ಕೆ?’ ಅಂತ ಕೇಳಬೇಕು.

ಕಿಟ್ಟ ತೆಗೆಯುವ ಕೆಲಸವನ್ನು ಚಂದಕ್ಕೆ ಮಾಡಿಸಿಕೊಳ್ಳುವುದು ಅಂತ ತಿಳಿದವರು ಬಹಳ. ಜೊತೆಗೆ ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ’ ಅನ್ನುವ ಭಯ. ಆಗುವುದು ಬೇರೆ. ವರ್ಷಗಟ್ಟಲೆ ಕಟ್ಟಿದ ಕಿಟ್ಟದ ಕೆಳಗೆ ವಸಡು ಬಾತು, ಮೂಳೆ ಸವೆದಿರುತ್ತದೆ. ಕಿಟ್ಟ ಹೋದ ಮೇಲೆ ಮೊದಲೇ ಸಡಿಲವಾಗಿದ್ದ ಹಲ್ಲು ಸಡಿಲ ಎಂದು ಗೊತ್ತಾಗುತ್ತದೆ. ವಸಡಿನ ಕಾಯಿಲೆಗೂ ಸಕ್ಕರೆ ಕಾಯಿಲೆಗೂ ನೇರ ನಂಟು: ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹಿಡಿತಕ್ಕೆ ಬರುವುದು ಕಷ್ಟ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಂಗಳು ತಿಂಗಳು ಸಕ್ಕರೆ ಮಾತ್ರೆಗೆ ಬರುವವರ ಬಾಯಿಯನ್ನು ಅಲ್ಲೇ ನೋಡಿ, ಅಲ್ಲೇ ಕಿಟ್ಟ ತೆಗೆಯುವವರು ಒಬ್ಬರಿದ್ದರೆ ಎಷ್ಟು ಅನುಕೂಲ. ಗರ್ಭಿಣಿಯರಲ್ಲಿ ವಸಡು ಬಾತು ರಕ್ತ ಬರುವುದು ತೀರಾ ಸಾಮಾನ್ಯ, ಭಯಕ್ಕೆ ಹಲ್ಲುಜ್ಜುವುದನ್ನೇ ಬಿಡುವವರಿದ್ದಾರೆ. ತಾಯಿ ಕಾರ್ಡ್ ಹಿಡಿದು ಬಂದ ದಿನವೇ ಹತ್ತು ನಿಮಿಷ ಮಾತಾಡಿದರೆ ಮುಗಿಯುವ ವಿಷಯ ಇದು.

ಈಗ ಇರುವ ವ್ಯವಸ್ಥೆ ಏನು ಮಾಡುತ್ತಿದೆ? ಸುಮ್ನೆ ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಅಂಗನವಾಡಿ, ಶಾಲೆಗಳಿಗೆ ಹೋಗುತ್ತಿವೆ, ಅವರು ನೋಡಬೇಕಾದ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. 2014-15ರಲ್ಲಿ ಶುರುವಾದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮದಲ್ಲಿ ದಂತವೈದ್ಯರು, ಹೈಜೀನಿಸ್ಟ್, ಸಹಾಯಕರು ಮೂವರಿಗೂ ಹಣ ಕೊಡಲು ಅವಕಾಶ ಇದೆ. ಆಯುಷ್ಮಾನ್ ಆರೋಗ್ಯ ಮಂದಿರಗಳ ಹನ್ನೆರಡು ಸೇವೆಗಳಲ್ಲಿ ಬಾಯಿಯ ಆರೋಗ್ಯವೂ ಒಂದು. ರಾಜ್ಯದ ದಂತ ಭಾಗ್ಯ ಯೋಜನೆ ಹಲ್ಲಿಲ್ಲದ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಟ್ಟಿತು. ಅದು ಒಳ್ಳೆಯ ಕೆಲಸವೇ. ಬೊಚ್ಚು ಬಾಯಲ್ಲಿ ಮುದ್ದೆ ನುಂಗಿಕೊಂಡಿದ್ದವರು ಮತ್ತೆ ರೊಟ್ಟಿ ಮುರಿದು ತಿನ್ನುವುದು ಸಣ್ಣ ಸುಖ ಅಲ್ಲ.

ಇವನ್ನೆಲ್ಲ ಸಾಲಾಗಿ ಇಟ್ಟು ನೋಡಿ. ಒಂದು ತುದಿಯಲ್ಲಿ ಪತ್ತೆ ಹಚ್ಚುವವರಿದ್ದಾರೆ, ಇನ್ನೊಂದು ತುದಿಯಲ್ಲಿ ಕೀಳುವವರೂ ಕಟ್ಟುವವರೂ ಇದ್ದಾರೆ. ನಡುವೆ ಯಾರೂ ಇಲ್ಲ. ಶಾಲೆಯ ತಪಾಸಣೆಯಲ್ಲಿ ಮಗುವಿನ ಕೈಗೆ ಚೀಟಿ ಸಿಗುತ್ತದೆ: ದಂತ ತಪಾಸಣೆಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಆ ಚೀಟಿ ಚೀಲದಲ್ಲೇ ಉಳಿಯುತ್ತದೆ. ಮಾರ್ಚ್ 20ರ ವಿಶ್ವ ಬಾಯಿ ಆರೋಗ್ಯ ದಿನಕ್ಕೆ ಶಿಬಿರ ನಡೆಯುತ್ತದೆ. ಬ್ಯಾನರ್, ಸಾಲಾಗಿ ನಿಂತ ಮಕ್ಕಳು, ಒಂದೊಂದು ಸ್ಯಾಂಪಲ್ ಪೇಸ್ಟ್, ಮತ್ತದೇ ಚೀಟಿ. ಶಿಬಿರಕ್ಕೆ ಬರುವ ಕಾಲೇಜಿನ ವಿದ್ಯಾರ್ಥಿಗಳ ಶ್ರಮವನ್ನು ನಾನು ಹಗುರ ಮಾಡುತ್ತಿಲ್ಲ, ಬಿಸಿಲಲ್ಲಿ ನಿಂತು ನೂರಾರು ಬಾಯಿ ನೋಡುತ್ತಾರೆ. ಆದರೆ ವಾರ್ನಿಶ್ ಆರು ತಿಂಗಳಿಗೆ ಮತ್ತೆ ಬೇಕು, ಸೀಲೆಂಟ್ ಉದುರಿದೆಯಾ ಎಂದು ಮರುವರ್ಷ ನೋಡಬೇಕು, ತಂಬಾಕು ಬಿಡುವವರನ್ನು ಮತ್ತೆ ಮತ್ತೆ ಮಾತಾಡಿಸಬೇಕು. ಶಿಬಿರ ಒಂದು ದಿನಕ್ಕೆ ಮುಗಿಯುತ್ತದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಕರ್ನಾಟಕದಲ್ಲೇ ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ಬಿಡಿಎಸ್ ಮುಗಿಸಿದ ಹುಡುಗರು, ಹುಡುಗಿಯರು ಸಣ್ಣ ಸಂಬಳಕ್ಕೆ ಯಾರದೋ ಕ್ಲಿನಿಕ್ಕಿನಲ್ಲಿ ಇದ್ದಾರೆ, ಕೆಲವರು ವೃತ್ತಿಯನ್ನೇ ಬಿಟ್ಟು ಬೇರೆ ಕೆಲಸ ಹಿಡಿದಿದ್ದಾರೆ. ‘ಡಾಕ್ಟರುಗಳೇ ಖಾಲಿ ಕೂತಿರುವಾಗ ಹೈಜೀನಿಸ್ಟ್ ಯಾಕೆ? ಅವರನ್ನೇ ಹಳ್ಳಿಗೆ ಕಳಿಸಿ.’ ನ್ಯಾಯವಾದ ಪ್ರಶ್ನೆ. ಅವರಿಗೆ ಸರ್ಕಾರಿ ಹುದ್ದೆ ಜಾಸ್ತಿ ಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಐದು ವರ್ಷ ಓದಿ, ಹಲ್ಲು ತುಂಬುವುದು, ಬೇರಿನ ಚಿಕಿತ್ಸೆ, ಸಣ್ಣ ಶಸ್ತ್ರಚಿಕಿತ್ಸೆ ಕಲಿತವರನ್ನು ದಿನವಿಡೀ ವಾರ್ನಿಶ್ ಬಳಿಯಲು ಕೂರಿಸಿದರೆ ಅವರು ನಿಲ್ಲುವುದಿಲ್ಲ, ಬೇರೆ ಅವಕಾಶ ಸಿಕ್ಕ ಕೂಡಲೇ ಹೊರಡುತ್ತಾರೆ. ಹೋಗಬೇಡಿ ಅನ್ನಲೂ ಬಾಯಿ ಬರುವುದಿಲ್ಲ. ಹೈಜೀನಿಸ್ಟ್‌ಗೆ ಅದೇ ವೃತ್ತಿ, ಅದಕ್ಕಾಗಿಯೇ ಓದಿದವರು. ಊರಿನಲ್ಲಿ ಹೈಜೀನಿಸ್ಟ್ ಇದ್ದರೆ ಡಾಕ್ಟರ ಬಳಿಗೆ ಕೆಲಸ ಇನ್ನೂ ಜಾಸ್ತಿ ಬರುತ್ತದೆ, ಅದೂ ಉಳಿಸಬಹುದಾದ ಹಲ್ಲುಗಳು ಬರುತ್ತವೆ.

ಈ ಜಗಳ ನಮ್ಮಲ್ಲಿ ಮಾತ್ರ ಇಲ್ಲ. ಅಲಾಸ್ಕದ ದೂರದ ಮೂಲನಿವಾಸಿ ಹಳ್ಳಿಗಳಿಗೆ ದಂತವೈದ್ಯರು ಹೋಗುತ್ತಿರಲಿಲ್ಲ. ಅಲ್ಲಿನ ಬುಡಕಟ್ಟು ಆರೋಗ್ಯ ಸಂಸ್ಥೆಗಳು ತಮ್ಮದೇ ಊರಿನ ಯುವಕ ಯುವತಿಯರನ್ನು ನ್ಯೂಜಿಲೆಂಡಿಗೆ ಕಳಿಸಿ, ಡಾಕ್ಟರಲ್ಲದಿದ್ದರೂ ಹಲ್ಲು ತುಂಬುವಂಥ ಕೆಲಸ ಮಾಡುವ ಡೆಂಟಲ್ ಥೆರಪಿಸ್ಟ್ ತರಬೇತಿ ಕೊಡಿಸಿದವು. 2006ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಅದರ ವಿರುದ್ಧ ಕೋರ್ಟಿಗೆ ಹೋಯಿತು, ತಡೆಯಲು ಆಗಲಿಲ್ಲ. ಕ್ಯಾಲಿಫೋರ್ನಿಯದಲ್ಲಿ ವೃದ್ಧಾಶ್ರಮ, ಶಾಲೆ, ಹಾಸಿಗೆ ಹಿಡಿದವರ ಮನೆ, ದಂತವೈದ್ಯರ ಕೊರತೆ ಇರುವ ಪ್ರದೇಶಗಳಲ್ಲಿ ಹೈಜೀನಿಸ್ಟ್‌ಗಳು ತಾವೇ ಕೆಲಸ ಮಾಡಲು ವಿಶೇಷ ಪರವಾನಗಿ ಇದೆ. ಬ್ರಿಟನ್ನಿನಲ್ಲಿ 2013ರಿಂದ ದಂತವೈದ್ಯರ ಚೀಟಿ ಇಲ್ಲದೆ ನೇರವಾಗಿ ಹೈಜೀನಿಸ್ಟ್ ಬಳಿ ಹೋಗಬಹುದು. ಸ್ಕಾಟ್ಲೆಂಡ್ ತನ್ನ ‘ಚೈಲ್ಡ್‌ಸ್ಮೈಲ್’ ಕಾರ್ಯಕ್ರಮದಲ್ಲಿ ಶಿಶುವಿಹಾರಗಳಲ್ಲೇ ದಿನಾ ಹಲ್ಲುಜ್ಜಿಸಿತು, ಬಡ ಬಡಾವಣೆಗಳ ಮಕ್ಕಳಿಗೆ ವಾರ್ನಿಶ್ ಬಳಿಸಿತು. ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕು ಇಲ್ಲದವರು 2006ರಲ್ಲಿ ಶೇ 54 ಇದ್ದರು, 2018ಕ್ಕೆ ಶೇ 71 ಆದರು. ನಮ್ಮ ಅಂಗನವಾಡಿಯಲ್ಲಿ ಊಟಕ್ಕೆ ಮೊದಲು ಕೈ ತೊಳೆಸುವ ಹಾಗೆ ಊಟವಾದ ಮೇಲೆ ಹಲ್ಲುಜ್ಜಿಸಲು ಬ್ರಷ್, ಪೇಸ್ಟು, ನೀರು ಸಾಕು. ಕಾರ್ಯಕರ್ತೆಯ ಮೇಲೆ ಇನ್ನೊಂದು ಹೊರೆ ಹೊರಿಸುತ್ತಿದ್ದೇವೆ ಅನ್ನುವುದನ್ನು ಒಪ್ಪಿ ಅದಕ್ಕೆ ದುಡ್ಡೂ ಕೊಡಬೇಕು.

ಹೊರಗಿನದನ್ನು ಹಾಗೇ ತಂದು ಇಲ್ಲಿ ಹಚ್ಚಲು ಆಗುವುದಿಲ್ಲ. ಪಾವಗಡದ ಕಡೆ, ಬಾಗೇಪಲ್ಲಿ ಕಡೆ, ರಾಯಚೂರು ಕೊಪ್ಪಳದ ಹಲವು ಊರುಗಳಲ್ಲಿ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ವಿಪರೀತ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿ ಇಲ್ಲದಿದ್ದರೆ 1.5 ಎನ್ನುತ್ತದೆ ನಮ್ಮ ಮಾನದಂಡ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಹಳದಿ ಮಚ್ಚೆ. ಅದು ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಕೊಳಕೂ ಅಲ್ಲ. ಆ ಮಕ್ಕಳಿಗೆ ‘ಸರಿಯಾಗಿ ಹಲ್ಲುಜ್ಜಲ್ಲ ನೀನು’ ಅಂತ ಬೈಯುವವರು ಶಾಲೆಯಲ್ಲೂ ಇರುತ್ತಾರೆ. ಅಂಥ ಊರಿನಲ್ಲಿ ಹೈಜೀನಿಸ್ಟ್ ಮೊದಲು ಕೇಳಬೇಕಾದದ್ದು ಕುಡಿಯುವ ನೀರು ಎಲ್ಲಿಂದ ಅನ್ನುವುದನ್ನು. ಶುದ್ಧ ನೀರಿನ ಘಟಕ ಕೆಟ್ಟಿದೆಯಾ, ಅಡುಗೆಗೂ ಅದೇ ನೀರಾ, ಚಿಕ್ಕ ಮಕ್ಕಳು ಪೇಸ್ಟ್ ನುಂಗುತ್ತಾರಾ. ವಾರ್ನಿಶ್ ಬೇಕಾ ಬೇಡವಾ ಅನ್ನುವುದು ಅದಾದ ಮೇಲೆ. ಬೆಂಗಳೂರಿನಲ್ಲಿ ಅಚ್ಚಾದ ಒಂದೇ ಪಾಂಪ್ಲೆಟ್ ಎಲ್ಲ ತಾಲ್ಲೂಕಿಗೂ ಹಂಚುವುದು ಇಲ್ಲಿ ನಡೆಯುವುದಿಲ್ಲ.

ಕಾನೂನಿನಲ್ಲಿ ಒಂದು ಗಂಟು ಉಳಿದಿದೆ. 1948ರ ವ್ಯಾಖ್ಯಾನ ಬರೆದಾಗ ಸೀಲೆಂಟೂ ಇರಲಿಲ್ಲ, ವಾರ್ನಿಶ್ಶೂ ಇರಲಿಲ್ಲ. ಶುಚಿ ಮಾಡುವುದು, ಹೇಳಿಕೊಡುವುದು ಅಷ್ಟೇ ಅದರಲ್ಲಿದೆ. ಆ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ತಂದಿತು. ದಂತ ಸಹಾಯಕ ವೃತ್ತಿಗಳವರ ನೋಂದಣಿ ಅದರಲ್ಲೂ ಇದೆ. ನಿಯಮಗಳಲ್ಲಿ ಎರಡು ವಿಷಯ ಬಿಡಿಸಿ ಬರೆಯಬೇಕು. ವಾರ್ನಿಶ್, ಸೀಲೆಂಟ್, ಸಿಲ್ವರ್ ಫ್ಲೋರೈಡ್ ಹಚ್ಚುವುದು, ಬಾಯಿ ಕ್ಯಾನ್ಸರಿನ ಪ್ರಾಥಮಿಕ ತಪಾಸಣೆ ಹೈಜೀನಿಸ್ಟ್ ಕೆಲಸದೊಳಗೆ ಬರುತ್ತದೆ ಅನ್ನುವುದು ಒಂದು. ದಂತವೈದ್ಯರ ಮೇಲ್ವಿಚಾರಣೆ ಅಂದರೆ ಪಕ್ಕದಲ್ಲೇ ನಿಂತಿರಬೇಕು ಅಂತ ಅಲ್ಲ, ತಾಲ್ಲೂಕು ಆಸ್ಪತ್ರೆಯಿಂದ ಫೋನು, ಫೋಟೊ, ತಿಂಗಳ ಪರಿಶೀಲನೆ ಸಾಕು ಅನ್ನುವುದು ಇನ್ನೊಂದು. ಇದು ಸ್ಪಷ್ಟವಾಗದಿದ್ದರೆ ಹುದ್ದೆ ಕೊಟ್ಟರೂ ಹೈಜೀನಿಸ್ಟ್ ಆಸ್ಪತ್ರೆಯ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ.

ಹುದ್ದೆಯನ್ನು ಹನ್ನೊಂದು ತಿಂಗಳ ಗುತ್ತಿಗೆ ಮಾಡಬಾರದು. ಊರಿನವರ ಹೆಸರು, ಯಾರ ಮನೆಯಲ್ಲಿ ಯಾರಿಗೆ ಕಡ್ಡಿಪುಡಿ ಚಟ ಅನ್ನುವುದು ತಿಳಿಯುವ ಹೊತ್ತಿಗೆ ಗುತ್ತಿಗೆ ಮುಗಿದಿರುತ್ತದೆ. ಅಲಾಸ್ಕದವರು ಮಾಡಿದ ಹಾಗೆ ಆಯಾ ತಾಲ್ಲೂಕಿನ ಪಿಯುಸಿ ಮುಗಿಸಿದ ಹೆಣ್ಣುಮಕ್ಕಳನ್ನೇ ಆರಿಸಿ, ಸರ್ಕಾರಿ ದಂತ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕೊಟ್ಟು ಎರಡು ವರ್ಷ ಓದಿಸಿ, ಅಲ್ಲಿಗೇ ವಾಪಸ್ ಕಳಿಸಬಹುದು. ಶುರುವಿಗೆ ಹಿಂದುಳಿದ ನಾಲ್ಕೈದು ತಾಲ್ಲೂಕು ಸಾಕು. ಪ್ರತಿ ತಾಲ್ಲೂಕಿಗೆ ಇಬ್ಬರು ಹೈಜೀನಿಸ್ಟ್, ಒಂದು ಮಡಚುವ ಕುರ್ಚಿ, ಹೆಡ್‌ಲ್ಯಾಂಪ್, ಒತ್ತಡದ ಹಬೆಯಲ್ಲಿ ಉಪಕರಣ ಶುದ್ಧ ಮಾಡುವ ಆಟೋಕ್ಲೇವ್, ಓಡಾಡಲು ಒಂದು ಗಾಡಿ. ಮೊದಲ ವರ್ಷ ಒಂದು ಮತ್ತು ಎರಡನೇ ತರಗತಿಯ ಪ್ರತಿ ಮಗುವಿನ ಆ ಆರನೇ ವರ್ಷದ ದವಡೆ ಹಲ್ಲನ್ನು ಮುಚ್ಚಲಿ, ಶಾಲೆಯ ರಿಜಿಸ್ಟರಿನಲ್ಲೇ ಬರೆದಿಡಲಿ. ಆ ಮಕ್ಕಳು ಏಳನೇ ತರಗತಿಗೆ ಬಂದಾಗ ಅದೇ ನಾಲ್ಕು ಹಲ್ಲುಗಳನ್ನು ಮತ್ತೆ ಎಣಿಸಿ, ಹೈಜೀನಿಸ್ಟ್ ಇಲ್ಲದ ಪಕ್ಕದ ತಾಲ್ಲೂಕಿನ ಮಕ್ಕಳ ಹಲ್ಲಿನ ಜೊತೆ ಇಟ್ಟು ನೋಡಲಿ.